ನೀಲಿ ಬೆಳಕಿನ ಮುಯ್ಯಾಳು

ಕ್ಷ-ಕಿರಣಕ್ಕೆ ಒಂದು ಬಣ್ಣ ಇದ್ದಿದ್ದರೆ ನಮ್ಮ ಆಸ್ಪತ್ರೆಯ ಎಷ್ಟೋ ಕೆಲಸಗಳು ನಾವು ಮಾಡುತ್ತಿದ್ದ ರೀತಿಯಲ್ಲಿ ನಡೆಯುತ್ತಲೇ ಇರಲಿಲ್ಲ. ವಾಸನೆ ಇದ್ದಿದ್ದರೂ ಸಾಕಿತ್ತು. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಹತ್ತುವುದಿಲ್ಲ, ಮೈಗೆ ತಾಗಿದ್ದು ತಿಳಿಯುವುದಿಲ್ಲ. ಹಾಗಾಗಿ ಅದು ಯಾರ ಮೇಲೆ ಬೀಳುತ್ತಿದೆ ಎಂದು ಯಾರೂ ಕೇಳುವುದಿಲ್ಲ. ಕೇಳದೆ ಇರುವುದು ಎಲ್ಲರಿಗೂ ಅನುಕೂಲ. ಆ ಅನುಕೂಲವನ್ನು ಕೆಡಿಸಿದ್ದು ಒಂದು ದೀಪ.

ನಮ್ಮದು ಗದಗಿನ ಕಡೆಯ ಒಂದು ಮಕ್ಕಳ ಆಸ್ಪತ್ರೆ. ನಾನು ಅಲ್ಲಿ ಎಕ್ಸ್-ರೇ ತಂತ್ರಜ್ಞ, ಹೆಸರು ಯಮನೂರಪ್ಪ. ದೊಡ್ಡವರಿಗೆ ಎಕ್ಸ್-ರೇ ತೆಗೆಯುವುದು ಕೆಲಸವೇ ಅಲ್ಲ. ಉಸಿರು ಹಿಡಿ ಅಂದರೆ ಹಿಡಿಯುತ್ತಾರೆ, ಬಿಡು ಅಂದರೆ ಬಿಡುತ್ತಾರೆ. ಎರಡು ವರ್ಷದ ಕೂಸಿಗೆ ಹಾಗೆ ಹೇಳಿ ನೋಡಿ. ಒದೆಯುತ್ತದೆ, ಕಚ್ಚುತ್ತದೆ, ಮೇಜಿನ ಮೇಲೇ ಉಚ್ಚೆ ಹೊಯ್ಯುತ್ತದೆ. ಕೂಸು ಅಲುಗಿದರೆ ಚಿತ್ರ ಕೆಡುತ್ತದೆ. ಚಿತ್ರ ಕೆಟ್ಟರೆ ಇನ್ನೊಂದು ಸಲ ಕಿರಣ ಬಿಡಬೇಕು. ಅದಕ್ಕೇ ಯಾರಾದರೊಬ್ಬರು ಹಿಡಿದುಕೊಂಡು ನಿಲ್ಲಬೇಕು.

ನಿಯಮ ಏನೋ ಚೆನ್ನಾಗಿಯೇ ಇದೆ. ತಾಯಿಯೋ ತಂದೆಯೋ ಸೀಸದ ಏಪ್ರನ್ ತೊಟ್ಟು ಹಿಡಿಯಬೇಕು, ಆಸ್ಪತ್ರೆಯ ಒಬ್ಬರನ್ನೇ ದಿನವೂ ಆ ಕೆಲಸಕ್ಕೆ ನಿಲ್ಲಿಸಕೂಡದು. ಆದರೆ ನಮ್ಮಲ್ಲಿಗೆ ಬರುವ ತಾಯಂದಿರಲ್ಲಿ ಎಷ್ಟೋ ಮಂದಿ ಮತ್ತೆ ಬಸುರಿ. ಅವರನ್ನು ಒಳಗೆ ಬಿಡುವಂತಿಲ್ಲ. ತಂದೆ ಎಂಬಾತ ಗೇಟಿನ ಹೊರಗೆ ಚಹಾ ಕುಡಿಯುತ್ತಿರುತ್ತಾನೆ, ಇಲ್ಲವೇ ದುಡಿಯಲು ಪುಣೆಗೋ ಗೋವೆಗೋ ಹೋಗಿರುತ್ತಾನೆ. ಹೀಗಾಗಿ ಹಿಡಿಯುವ ಕೆಲಸ ಹುಸೇನಬಿಯದಾಯಿತು. ಅವಳು ವಾರ್ಡಿನ ಆಯಾ. ಮೊದಲು ಒಂದು ದಿನ ಯಾರೋ ಕರೆದರೆಂದು ಬಂದು ಹಿಡಿದಳು. ಚೆನ್ನಾಗಿ ಹಿಡಿದಳು. ಚೆನ್ನಾಗಿ ಮಾಡಿದವರಿಗೆ ನಮ್ಮ ದೇಶದಲ್ಲಿ ಸಿಗುವ ಬಹುಮಾನ ಅದೇ ಕೆಲಸ. ಹದಿನೆಂಟು ವರ್ಷ ಹಿಡಿದಳು.

ಕೂಸಿನ ಎರಡೂ ಕೈಗಳನ್ನು ಕಿವಿಯ ಪಕ್ಕಕ್ಕೆ ಎತ್ತಿ, ತಲೆಯನ್ನು ಆ ಕೈಗಳ ನಡುವೆ ಸಿಕ್ಕಿಸಿ, ಬಾಗಿ ಏನೋ ಗುಣುಗುಣು ಅನ್ನುತ್ತಿದ್ದಳು. ನಾನು ಸೀಸದ ಗಾಜಿನ ಹಿಂದೆ ನಿಂತು ಗುಂಡಿ ಒತ್ತುತ್ತಿದ್ದೆ. ನನ್ನ ಎದೆಯ ಮೇಲೆ ಎಷ್ಟು ಕಿರಣ ತಾಗಿತೆಂದು ಅಳೆಯುವ ಬ್ಯಾಜು ಇತ್ತು. ಡಾಕ್ಟರುಗಳಿಗೂ ಇತ್ತು. ಅವಳಿಗೆ ಇರಲಿಲ್ಲ. ಬ್ಯಾಜು ಕೊಡುವುದು ವಿಕಿರಣದ ಕೆಲಸಗಾರರಿಗೆ. ಅವಳು ಆಯಾ.

ಆ ವರ್ಷ ನಮ್ಮ ಆಸ್ಪತ್ರೆಯಲ್ಲಿ ಮೂರು ದಿನದ ಕಾರ್ಯಾಗಾರ ಏರ್ಪಾಡಾಯಿತು. ನೌಕರರ ಮೇಲೂ ರೋಗಿಗಳ ಮೇಲೂ ಬೀಳುವ ವಿಕಿರಣವನ್ನು ಎಷ್ಟು ಕಡಿಮೆ ಮಾಡಬಹುದು ಎಂಬುದೇ ವಿಷಯ. ಬೇರೆ ಬೇರೆ ಊರುಗಳಿಂದ ತಜ್ಞರು ಬಂದರು. ಮೇಲಿನ ಸಭಾಂಗಣದಲ್ಲಿ ಪರದೆ, ಮೈಕು, ಗೋಡಂಬಿ ಬಿಸ್ಕತ್ತು. ಕರೆ ಡಾಕ್ಟರಿಗೂ ತಂತ್ರಜ್ಞರಿಗೂ ಇತ್ತು. ಹುಸೇನಬಿಗೆ ಚಹಾ ಹಂಚುವ ಕೆಲಸವೂ ಇರಲಿಲ್ಲ, ಯಾಕೆಂದರೆ ಕೆಳಗೆ ಕೂಸುಗಳನ್ನು ಹಿಡಿಯಬೇಕಿತ್ತು.

ದೀಪ ತಂದವರು ಡಾಕ್ಟರ್ ಮೃಣಾಲಿನಿ ಕೊಪ್ಪೀಕರ. ಧಾರವಾಡದ ಹೆಣ್ಣುಮಗಳು, ವಿಕಿರಣ ಭೌತವಿಜ್ಞಾನಿ, ಗಡುಸು ದನಿ. ಅವರೂ ಅವರ ತಂಡವೂ ವರ್ಷಗಟ್ಟಲೆ ದುಡಿದು ಮಾಡಿದ ಉಪಕರಣ ಅದು. ನಾವೆಲ್ಲ ಅದಕ್ಕೆ ನೀಲಿ ಅಂತಲೇ ಹೆಸರಿಟ್ಟೆವು. ಎಕ್ಸ್-ರೇ ಕೋಣೆಯ ಮೇಲ್ಛಾವಣಿಯ ಮೂಲೆಗಳಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆಗಳು, ನಡುವೆ ಒಂದು ದೀಪ. ಯಂತ್ರದಿಂದ ಹೊರಟ ಕಿರಣ ರೋಗಿಯ ಮೈಗೆ ಬಡಿದಾಗ, ಕಲ್ಲಿನ ಮೇಲೆ ಕೊಡ ನೀರು ಸುರಿದಂತೆ ಸುತ್ತಲೂ ಸಿಡಿಯುತ್ತದೆ. ಹತ್ತಿರ ನಿಂತವರಿಗೆ ತಾಗುವುದು ಈ ಸಿಡಿದದ್ದೇ. ಅದು ಯಾವ ದಿಕ್ಕಿಗೆ ಎಷ್ಟು ಸಿಡಿಯಿತು ಎಂದು ಪೆಟ್ಟಿಗೆಗಳು ಅಳೆಯುತ್ತವೆ. ಕೋಣೆಯಲ್ಲಿದ್ದವರ ಮೈಯ ಯಾವ ಭಾಗಕ್ಕೆ ಎಷ್ಟು ಬಿತ್ತೆಂದು ಕಂಪ್ಯೂಟರು ಲೆಕ್ಕ ಹಾಕಿ, ದೀಪದಿಂದ ಆ ಭಾಗದ ಮೇಲೆ ನೀಲಿ ಬೆಳಕು ಬಿಡುತ್ತದೆ. ಹೆಚ್ಚು ಬಿದ್ದಷ್ಟೂ ಬಣ್ಣ ಗಾಢ. ಮನುಷ್ಯ ಹೊರಳಿದರೆ ಬೆಳಕೂ ಅವನ ಜೊತೆ ಹೊರಳುತ್ತದೆ. ದಿನವಿಡೀ ತಾಗಿದ್ದು ಕೂಡುತ್ತಾ ಹೋಗಿ ಮರುದಿನ ಬೆಳಗ್ಗೆ ಹೊಸದಾಗಿ ಶುರುವಾಗುತ್ತದೆ. ಆ ಬೆಳಕಿನಿಂದ ಯಾವ ಅಪಾಯವೂ ಇಲ್ಲ. ಅದು ಬರೀ ಚಾಡಿ ಹೇಳುತ್ತದೆ.

ಮೊದಲ ದಿನ ನಮ್ಮ ಕೋಣೆಯಲ್ಲಿ ಅದನ್ನು ಕೂರಿಸಿದರು. ಕೆಳಗೆ ನಡೆಯುವುದೆಲ್ಲ ಮೇಲೆ ಸಭಾಂಗಣದ ಪರದೆಯ ಮೇಲೆ ಕಾಣುತ್ತಿತ್ತು. ಎಲ್ಲರಿಗೂ ನಾನೇ ನೀಲಿಯಾಗುತ್ತೇನೆ ಎಂಬ ನಂಬಿಕೆ. ಮೂಳೆ ಡಾಕ್ಟರೊಬ್ಬರು, ಸಂಜೆ ಹೊತ್ತಿಗೆ ಯಮನೂರಪ್ಪ ಕೃಷ್ಣನ ವೇಷಕ್ಕೆ ತಯಾರಾಗಿರ್ತಾನೆ ಎಂದು ಮೈಕಿನಲ್ಲಿ ಚೇಷ್ಟೆ ಮಾಡಿದರಂತೆ. ಗಾಜಿನ ಹಿಂದೆ ನಿಂತಿದ್ದ ನನಗೆ ಒಂದು ಚುಕ್ಕಿಯೂ ಬೀಳಲಿಲ್ಲ.

ಹುಸೇನಬಿಯ ಬೆರಳುಗಳಿಂದ ಶುರುವಾಯಿತು. ಆಮೇಲೆ ಮುಂಗೈ, ಆಮೇಲೆ ತೋಳು. ಏಪ್ರನ್ ಮುಚ್ಚಿದ ಎದೆ ಹೊಟ್ಟೆ ತಿಳಿಯಾಗಿಯೇ ಉಳಿದವು, ಅದರ ಮೇಲಿನ ಕತ್ತು, ಗದ್ದ, ಕೆನ್ನೆಗಳಿಗೆ ಬಣ್ಣ ಏರಿತು. ಮಧ್ಯಾಹ್ನದ ಊಟದ ಹೊತ್ತಿಗೆ ಅವಳ ಕೈಗಳು ಬಿಳಿ ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿ ತೆಗೆದಂತೆ ಇದ್ದವು. ಅವಳು ಸೆರಗಿನಿಂದ ಒರೆಸಿಕೊಂಡಳು. ಬಣ್ಣ ಸೆರಗಿನ ಮೇಲೆ ಹತ್ತಿ ಕೂತಿತು. ಸೆರಗು ಸರಿಸಿದರೆ ಮತ್ತೆ ಕೈಯ ಮೇಲೆ.

"ಯಮನೂರಣ್ಣ, ಇದೇನ್ ಹತ್ತೇತಿ ನನಗ?" ಅಂದಳು.

ಕೊಪ್ಪೀಕರ ಅವರು ಮೆಟ್ಟಿಲು ಇಳಿದು ಓಡಿ ಬಂದರು. ಮೊದಲು ಅವಳನ್ನು ಕೂರಿಸಿ, ಇದು ಮೈಗೆ ಹತ್ತಿದ ಬಣ್ಣ ಅಲ್ಲ, ಬರೀ ಲೆಕ್ಕ ತೋರಿಸುವ ಬೆಳಕು ಎಂದು ಬಿಡಿಸಿ ಹೇಳಿದರು. ಕಿರಣ ಮೈಯೊಳಗೆ ಉಳಿದುಕೊಳ್ಳುವುದಿಲ್ಲ, ಅವಳಿಂದ ಬೇರೆಯವರಿಗೆ ಅಂಟುವುದೂ ಇಲ್ಲ ಎಂದರು. ಬಿದ್ದದ್ದು ಕಾನೂನಿನ ಮಿತಿಯೊಳಗೇ ಇದೆ, ಆದರೆ ಮಿತಿಯೊಳಗಿದೆ ಎಂದು ಸುಮ್ಮನಿರುವುದು ವಿಜ್ಞಾನವಲ್ಲ, ತಪ್ಪಿಸಬಹುದಾದ ಪ್ರತಿ ಹನಿಯನ್ನೂ ತಪ್ಪಿಸಬೇಕು ಎಂದರು. ಆಮೇಲೆ ನನ್ನ ಕಡೆ ತಿರುಗಿ ಅವಳ ಬ್ಯಾಜು ಎಲ್ಲಿ ಎಂದು ಕೇಳಿದರು. ಇಲ್ಲ ಎಂದೆ. ಯಾಕೆ ಇಲ್ಲ ಎಂಬುದನ್ನು ನಿರ್ದೇಶಕರನ್ನು ಕೇಳಬೇಕು ಎಂದೆ.

ಅಷ್ಟರಲ್ಲಿ ಮೇಲೆ ಯಾವನೋ ಪರದೆಯನ್ನು ಮೊಬೈಲಿನಲ್ಲಿ ಹಿಡಿದಿದ್ದ. ಸಂಜೆಯೊಳಗೆ ಆ ನೀಲಿ ಮುಖ ಇಡೀ ತಾಲ್ಲೂಕು ಸುತ್ತಿ ಬಂತು.

ಎರಡನೆಯ ದಿನ ನಿರ್ದೇಶಕ ಡಾಕ್ಟರ್ ಚನ್ನವೀರ ಬಳಿಗಾರ ಅವರು ಮೈಕು ಹಿಡಿದರು. ಅವರೂ ಮಕ್ಕಳ ಡಾಕ್ಟರೇ. ಒಳ್ಳೆಯ ಡಾಕ್ಟರು, ಆದರೆ ಕುರ್ಚಿ ಏರಿದ ಮೇಲೆ ಎಕ್ಸ್-ರೇ ಕೋಣೆಯ ಕಡೆ ಹಾಯ್ದದ್ದು ಕಡಿಮೆ. ಒಂದು ಗಂಭೀರ ಲೋಪ ಕಣ್ಣಿಗೆ ಬಿದ್ದಿದೆ, ಅದನ್ನು ಸರಿಪಡಿಸಲಾಗುವುದು ಎಂದು ಶುರು ಮಾಡಿದರು. ಆ ಮಹಿಳೆಯ ಪಾಲಿನ ವಿಕಿರಣ ಮುಗಿದಿದೆ, ಆದ್ದರಿಂದ ಬರುವ ತಿಂಗಳಿನಿಂದ ಆಕೆಯನ್ನು ಕೆಲಸದಿಂದ ಬಿಡಿಸಲಾಗುವುದು ಎಂದರು. ಇನ್ನು ಮುಂದೆ ಹಿಡಿಯಲು ಗುತ್ತಿಗೆದಾರರ ಕಡೆಯಿಂದ ಜನ ಬರುತ್ತಾರೆ, ಆರಾರು ತಿಂಗಳಿಗೆ ಬದಲಾಯಿಸುತ್ತಾ ಹೋದರೆ ಯಾರ ಅಂಕಿಯೂ ಮೇಲೇರುವುದಿಲ್ಲ ಎಂದರು. ಸಭೆಯಲ್ಲಿ ಕೆಲವರು ತಲೆಯಾಡಿಸಿದರು. ಒಬ್ಬ ತಜ್ಞರು, ಹೊರದೇಶಗಳಲ್ಲೂ ಈ ವಿಧಾನ ಉಂಟು ಎಂದು ಸೇರಿಸಿದರು.

ನಾನು ಎದ್ದು ನಿಂತೆ.

"ಆಕಿ ಏನ್ ಟಾರ್ಚಿನ ಸೆಲ್ ಏನ್ರೀ ಸರ, ಮುಗೀತು ಅಂತ ತೆಗದು ಒಗದು ಹೊಸಾದು ಹಾಕಾಕ?"

ಬಳಿಗಾರರು ಕೂತುಕೊಳ್ಳಲು ಹೇಳಿದರು. ನಾನು ಕೂರಲಿಲ್ಲ. ಹೊಸಬರ ಮೇಲೆ ಬೀಳುವುದು ಬೇರೆ ಕಿರಣವೇ ಎಂದು ಕೇಳಿದೆ. ಗುತ್ತಿಗೆಯವಳು ಆರು ತಿಂಗಳು ಹಿಡಿದು ಹೋದ ಮೇಲೆ ಎಲ್ಲಿಗೆ ಹೋದಳು, ಇನ್ಯಾವ ಆಸ್ಪತ್ರೆಯಲ್ಲಿ ಹಿಡಿಯುತ್ತಿದ್ದಾಳೆ ಎಂದು ಯಾರು ನೋಡುತ್ತಾರೆ ಎಂದೆ. ಇದರಿಂದ ಕಡಿಮೆಯಾಗುವುದು ವಿಕಿರಣವಲ್ಲ, ನಿಮ್ಮ ಕಣ್ಣಿಗೆ ಬೀಳುವ ಹೆಂಗಸರು ಅಷ್ಟೇ ಎಂದೂ ಅಂದೆ. ಶಿಸ್ತಿನ ಕ್ರಮದ ಮಾತು ಬಂತು. ಬರಲಿ ಎಂದು ಹೊರಗೆ ನಡೆದೆ. ಕೊಪ್ಪೀಕರ ಅವರ ಹತ್ತಿರ ಕೈಯಲ್ಲಿ ಹಿಡಿದು ಓಡಾಡಬಹುದಾದ ಚಿಕ್ಕ ನೀಲಿ ಒಂದಿತ್ತು, ಯಾವುದರಿಂದಲಾದರೂ ಕಿರಣ ಹೊರಡುತ್ತಿದ್ದರೆ ಅದರ ಮೇಲೆ ಬಣ್ಣ ಬಿಡುವಂಥದ್ದು. ಕೇಳಿದೆ. ಯಾಕೆ ಏನು ಎನ್ನದೆ ಕೊಟ್ಟರು.

ಹುಸೇನಬಿಯ ಮನೆ ಹಳೆಯ ಹತ್ತಿ ಗಿರಣಿಯ ಹಿಂದಿನ ಓಣಿಯಲ್ಲಿ. ಸಂಜೆ ನಾನು ಹೋದಾಗ ಅವಳು ಹೊಸ್ತಿಲ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಒಳಗೆ ತೊಟ್ಟಿಲಲ್ಲಿ ಕೂಸು ಅಳುತ್ತಿತ್ತು. ಮಗ ಹಮಾಲಿ ಕೆಲಸದವನು, ಇನ್ನೂ ಬಂದಿರಲಿಲ್ಲ. ಸೊಸೆ ಮೆಹಜಬೀನ ಒಲೆ ಬಿಟ್ಟು ಬಂದು ಕೂಸನ್ನು ಎತ್ತಿಕೊಂಡಳು. ಅತ್ತೆ ಏಳಲಿಲ್ಲ. ಅಷ್ಟು ನೋಡಿದರೆ ಸಾಕಿತ್ತು, ಏನಾಗಿದೆ ಎಂದು ತಿಳಿಯಲು.

ಹಿಂದಿನ ಸಂಜೆ ವಿಡಿಯೊ ಓಣಿಗೆ ಬಂದಿತ್ತು. ಅಕ್ಕಪಕ್ಕದವರು ಕೂಸನ್ನು ಅಜ್ಜಿಯ ಕೈಗೆ ಕೊಡಬೇಡ ಎಂದು ಹೇಳಿದ್ದರು. ಮೆಹಜಬೀನ ಒರಟು ಹುಡುಗಿಯಲ್ಲ, ಅತ್ತೆಯನ್ನು ಒಂದು ಮಾತು ಅಂದವಳಲ್ಲ. ಆದರೆ ಹಿಂದೆ ಒಂದು ಕೂಸು ಕಳೆದುಕೊಂಡಿದ್ದಳು. ಈ ಮೊಮ್ಮಗಳು ಹುಟ್ಟಿ ನಾಲ್ಕು ತಿಂಗಳು. ಊರ ಮಕ್ಕಳನ್ನೆಲ್ಲ ಹಿಡಿದ ಕೈಗೆ ತನ್ನ ಮನೆಯ ಕೂಸು ಸಿಗದಂತಾಯಿತು.

ನಾನು ಕಿಟಕಿಗೆ ಚಾದರ ಕಟ್ಟಿ ಕತ್ತಲೆ ಮಾಡಿ ಚಿಕ್ಕ ನೀಲಿಯನ್ನು ಹಚ್ಚಿದೆ. ಹುಸೇನಬಿಯ ಕೈ ಮೇಲೆ, ಮುಖದ ಮೇಲೆ, ಬೆನ್ನ ಮೇಲೆ ಹಿಡಿದೆ. ಏನೂ ಇಲ್ಲ. ನನ್ನ ಮೇಲೆ ಹಿಡಿದೆ, ಏನೂ ಇಲ್ಲ. ನೋಡವ್ವ, ಕಿರಣ ಬಂದು ಹೋಗುವಂಥದ್ದು, ಬಲ್ಬು ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಕೂತಿರುತ್ತದೆಯೇ ಎಂದು ಕೇಳಿದೆ. ಮೆಹಜಬೀನ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ನೆಲ ನೋಡುತ್ತಾ ಕೇಳಿದಳು.

"ಹಂಗಾರ ಆಸ್ಪತ್ರಿಯವರು ಅಮ್ಮನ್ನ ಯಾಕ ಬಿಡಸ್ತಾರ್ರಿ, ಅಣ್ಣಾರ?"

ದೀಪದ ಮಾತು ಅಲ್ಲಿಗೆ ಮುಗಿಯಿತು. ಸುದ್ದಿ ನನಗಿಂತ ಮೊದಲೇ ಅವಳನ್ನು ತಲುಪಿತ್ತು. ಏನೂ ಇಲ್ಲದಿದ್ದರೆ ಇಷ್ಟು ವರ್ಷ ದುಡಿದವಳನ್ನು ಯಾಕೆ ಹೊರಗೆ ಹಾಕುತ್ತಾರೆ? ಇದಕ್ಕೆ ಯಾವ ಯಂತ್ರ ಉತ್ತರ ಹೇಳುತ್ತದೆ? ಆಸ್ಪತ್ರೆ ಹುಸೇನಬಿಯನ್ನು ಬಿಡಿಸಿದ ದಿನ ಈ ಮನೆಯ ತೊಟ್ಟಿಲು ಅವಳಿಗೆ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ ಎಂಬುದು ನನಗೆ ಆ ಚಾದರ ಕಟ್ಟಿದ ಕೋಣೆಯಲ್ಲಿ ಸ್ಪಷ್ಟವಾಯಿತು. ಹೊರಗೆ ಬಂದಾಗ ಹುಸೇನಬಿ ನನಗೆ ಕೇಳುವಷ್ಟೇ ದನಿಯಲ್ಲಿ, ಆ ಹುಡುಗಿಯ ಮೇಲೆ ಸಿಟ್ಟಾಗಬೇಡ, ಅವಳ ಜಾಗದಲ್ಲಿದ್ದರೆ ನಾನೂ ಕೊಡುತ್ತಿರಲಿಲ್ಲ ಎಂದಳು. ಅದು ನನ್ನ ಸಿಟ್ಟನ್ನು ಇನ್ನೂ ಕೆರಳಿಸಿತು.

ನಮ್ಮ ಮನೆ ಪಕ್ಕದ ಹಳ್ಳಿಯಲ್ಲಿ. ಹೋದಾಗ ನನ್ನ ಹೆಂಡತಿ ಸಾವಕ್ಕ ಬಚ್ಚಲಲ್ಲಿ ಕೈ ತೊಳೆಯುತ್ತಿದ್ದಳು. ಮೆಣಸಿನಕಾಯಿ ಬಿಡಿಸುವ ಹಂಗಾಮು. ಅವಳ ಬೆರಳೆಲ್ಲ ಉರಿಯುತ್ತಿದ್ದವು, ಸುಣ್ಣದ ತಿಳಿನೀರು ಹಚ್ಚಿದರೂ ಹೋಗುವುದಿಲ್ಲ ಎಂದು ಗೊಣಗುತ್ತಿದ್ದಳು. ಅಂದು ಪಾಟೀಲರ ಹೊಲಕ್ಕೆ ಮುಯ್ಯಾಳಿಗೆ ಹೋಗಿದ್ದಳು. ಮುಯ್ಯಾಳು ಅಂದರೆ ನಮ್ಮ ಕಡೆ ಹಳ್ಳಿಯವರಿಗೆಲ್ಲ ಗೊತ್ತು: ಇವತ್ತು ನಾವು ನಿಮ್ಮ ಹೊಲದಲ್ಲಿ ದುಡಿಯುತ್ತೇವೆ, ನಾಳೆ ನೀವು ನಮ್ಮ ಹೊಲದಲ್ಲಿ ದುಡಿಯಬೇಕು. ಕೂಲಿ ಇಲ್ಲ. ಬದಲಿಗೆ ಆಳನ್ನು ಕಳಿಸುವಂತಿಲ್ಲ. ಮೈ ಬಗ್ಗಿಸಿದ್ದಕ್ಕೆ ಮೈಯೇ ಬಗ್ಗಬೇಕು.

ಪಾಟೀಲರ ಹೆಂಡತಿಯೂ ಬರುತ್ತಾಳೇನು ಎಂದು ಕೇಳಿದೆ. ಸಾವಕ್ಕ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು.

"ಬರದ ಏನ್ ಮಾಡ್ತಾಳ? ಆಕಿ ಬರಲಿಲ್ಲಂದ್ರ ಆಕಿ ಹೊಲಕ್ಕ ಯಾವಾಕಿ ಹೊಕ್ಕಾಳ?" ಅಂದಳು. ಆಮೇಲೆ ನಗುತ್ತಾ, ಪಾಟೀಲ ಈ ವರ್ಷ ಖಾರ ಕಡಿಮೆ ಇರುವ ತಳಿ ಹಾಕಿದ್ದಾನೆ, ಹೋದ ವರ್ಷ ಹೆಂಡತಿಯ ಕೈ ಉರಿದದ್ದಕ್ಕೆ ಎಂದಳು.

ನಾನು ಊಟದ ತಟ್ಟೆ ಸರಿಸಿಟ್ಟು, ಬೆಳಗ್ಗೆ ಎಕ್ಸ್-ರೇ ಕೋಣೆಯ ಮುಂದೆ ಬನ್ನಿ ಎಂದು ಆಸ್ಪತ್ರೆಯ ಒಬ್ಬೊಬ್ಬರಿಗೂ ಫೋನು ಮಾಡುತ್ತಾ ಕೂತೆ. ರೊಟ್ಟಿ ಆರಿತು.

ಮೂರನೆಯ ದಿನ ಬೆಳಗ್ಗೆ ಕಾರ್ಯಾಗಾರ ಶುರುವಾಗುವ ಮೊದಲು ನರ್ಸುಗಳು, ವಾರ್ಡಿನವರು, ಲ್ಯಾಬಿನವರು ಎಲ್ಲರೂ ಎಕ್ಸ್-ರೇ ಕೋಣೆಯ ಮುಂದೆ ಸೇರಿದರು. ನಾನು ಹೇಳಿದ್ದು ಇಷ್ಟೇ. ಹಿಡಿಯುವುದಕ್ಕೆ ಇನ್ನು ಮುಂದೆ ಆಯಾ ಇಲ್ಲ, ಗುತ್ತಿಗೆಯವಳೂ ಇಲ್ಲ. ಮುಯ್ಯಾಳು. ಈ ಆಸ್ಪತ್ರೆಯಲ್ಲಿ ಸಂಬಳ ಎಣಿಸುವ ಪ್ರತಿಯೊಬ್ಬರೂ, ಬಸುರಿ ಹೆಂಗಸರನ್ನು ಬಿಟ್ಟು, ಒಂದೊಂದು ದಿನ ಏಪ್ರನ್ ತೊಟ್ಟು ಹಿಡಿಯಬೇಕು. ಓಣಿಯಲ್ಲಿ ಮನೆಗಳ ಸಾಲು ಹಿಡಿದಂತೆ ವರಾಂಡದ ಕೋಣೆಗಳ ಸಾಲು. ಮೊದಲ ಕೋಣೆ ನಿರ್ದೇಶಕರದು. ಪಾಳಿಯವರು ಬಂದು ನಿಲ್ಲುವವರೆಗೆ, ಅವಸರವಿಲ್ಲದ ಯಾವ ಎಕ್ಸ್-ರೇಗೂ ನಾನು ಗುಂಡಿ ಒತ್ತುವುದಿಲ್ಲ. ಅವಸರದ್ದು ಬಂದರೆ ಕೂಸನ್ನು ಕಾಯಿಸುವುದಿಲ್ಲ, ಪಾಳಿಗೆ ಕಾಯದೆ ತೆಗೆಯುತ್ತೇನೆ.

ಕೊಪ್ಪೀಕರ ಅವರು ಹಿಂದೆ ನಿಂತು ಕೇಳುತ್ತಿದ್ದರು. ಮುಂದೆ ಬಂದು ನೇರವಾಗಿ ಹೇಳಿದರು, ನಿಮ್ಮ ಲೆಕ್ಕ ತಪ್ಪು ಎಂದು. ನೂರು ಹನಿ ಒಬ್ಬಳ ಮೇಲೆ ಬೀಳುವ ಬದಲು ನೂರು ಜನರ ಮೇಲೆ ಬಿದ್ದರೂ ಹನಿ ನೂರೇ. ಹಂಚುವುದು ಸುರಕ್ಷತೆಯಲ್ಲ, ಕಡಿಮೆ ಮಾಡುವುದು ಸುರಕ್ಷತೆ. ಹಿಡಿಯುವ ಅಗತ್ಯವೇ ಬಾರದಂತೆ ಮಾಡಬೇಕು. ಕೂಸನ್ನು ಅಲುಗದಂತೆ ಕೂರಿಸುವ ಪಾರದರ್ಶಕ ತೊಟ್ಟಿಲು ಬೇಕು, ಕಿರಣದ ಅಗಲ ಕಿರಿದು ಮಾಡಬೇಕು, ಬೇಡದ ಎಕ್ಸ್-ರೇ ಬರೆಯುವುದನ್ನು ನಿಲ್ಲಿಸಬೇಕು.

ಅವರು ಹೇಳಿದ್ದು ಅಕ್ಷರಶಃ ಸರಿ. ಹೌದು ಎಂದೆ.

"ಆದ್ರ ಮೇಡಂ, ಹದಿನೆಂಟು ವರ್ಷ ಒಬ್ಬಾಕಿ ಮ್ಯಾಲೆ ಬಿದ್ದಾಗ ಒಟ್ಟು ಎಷ್ಟು ಅಂತ ಒಬ್ಬರೂ ಕೇಳಲಿಲ್ಲ. ತಮ್ಮ ಮ್ಯಾಲೆ ಬೀಳಾಕ ಹತ್ತಿದ್ರ ಕೇಳ್ತಾರ."

ಅವರು ಕನ್ನಡಕ ತೆಗೆದು ಸೀರೆಯಲ್ಲಿ ಒರೆಸಿದರು. ಆಮೇಲೆ ಗೂಟದ ಮೇಲಿದ್ದ ಏಪ್ರನ್ ತೆಗೆದು ತಾವೇ ತೊಟ್ಟರು. ಭೌತವಿಜ್ಞಾನ ನಿಮ್ಮ ಕಡೆ ಇಲ್ಲರೀ ಯಮನೂರಪ್ಪ, ನಾ ಇರ್ತೇನಿ ಎಂದರು. ಅಂದಿನ ಮೊದಲ ಕೂಸುಗಳನ್ನು ಅವರು ಹಿಡಿದರು. ಹಿಡಿಯುತ್ತಲೇ ನನ್ನ ಯಂತ್ರವನ್ನೂ ತಿದ್ದಿಸಿದರು. ಕಿರಣದ ಕಿಟಕಿಯನ್ನು ನಾನು ಅವಸರಕ್ಕೆ ಯಾವಾಗಲೂ ಅಗಲವಾಗಿ ಬಿಡುತ್ತಿದ್ದೆ. ಅದನ್ನು ಎದೆಯಷ್ಟಕ್ಕೆ ಕಿರಿದು ಮಾಡಿದಾಗ ಅವರ ಬೆರಳಿಗೆ ಏರುತ್ತಿದ್ದ ಬಣ್ಣ ಕಣ್ಣೆದುರೇ ತಗ್ಗಿತು. ಆ ಮಾತಿನಲ್ಲಿ ತಪ್ಪು ನನ್ನದೇ ಇತ್ತು.

ಅವರ ಪಾಳಿ ಮುಗಿದ ಮೇಲೆ ನಿರ್ದೇಶಕರಿಗೆ ಹೇಳಿ ಕಳಿಸಿದೆವು. ಸಭೆಯಲ್ಲಿದ್ದಾರೆ ಎಂಬ ಉತ್ತರ ಬಂತು. ಬೆಂಚಿನ ಮೇಲೆ ಕಾಯುವವರ ಸಾಲು ಬೆಳೆಯಿತು. ಯಾಕೆ ತಡ ಎಂದು ಕೇಳಿದವರಿಗೆಲ್ಲ, ದೊಡ್ಡ ಸಾಹೇಬರು ಬಂದು ಹಿಡಿಯಬೇಕು, ಕಾಯುತ್ತಿದ್ದೇವೆ ಎಂದು ನಿಜವನ್ನೇ ಹೇಳಿದೆ. ನರಗುಂದದ ಕಡೆಯ ಮುದುಕನೊಬ್ಬ, ಸಾಹೇಬರಿಗೆ ಕೂಸು ಹಿಡಿಯಲು ಬರುತ್ತದೋ ಇಲ್ಲವೋ ಎಂದು ಅನುಮಾನ ಪಟ್ಟ. ನಗು ಎದ್ದಿತು. ಆ ನಗು ಮೆಟ್ಟಿಲು ಹತ್ತಿ ಮೇಲೆ ಹೋಗಿರಬೇಕು, ಬಳಿಗಾರರು ಮುಖ ಕೆಂಪು ಮಾಡಿಕೊಂಡು ಇಳಿದು ಬಂದರು.

ಅವರು ನನ್ನನ್ನು ಬಯ್ಯಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ತುಂಬು ಬಸುರಿಯೊಬ್ಬಳು ಜೊಲ್ಲು ಸುರಿಸುತ್ತಿದ್ದ ಗಂಡು ಕೂಸನ್ನು ಎತ್ತಿಕೊಂಡು ಓಡಿ ಬಂದಳು. ರಿಮೋಟಿನ ಗುಂಡಗಿನ ಬ್ಯಾಟರಿ ನುಂಗಿದ್ದಾನೆ ಎಂದಳು. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡಿದ್ದರೆ ಒಳಗೇ ಸುಡುತ್ತದೆ. ಎಲ್ಲಿದೆ ಎಂದು ತಕ್ಷಣ ನೋಡಬೇಕು. ಗುಂಡಿ ಒತ್ತಲು ನಾನೊಬ್ಬನೇ ಇದ್ದೆ, ಉಳಿದ ತಂತ್ರಜ್ಞರು ಮೇಲೆ ಇದ್ದರು. ತಾಯಿ ಒಳಗೆ ಬರುವಂತಿಲ್ಲ. ಬಳಿಗಾರರ ಕಣ್ಣು ಅಭ್ಯಾಸದಂತೆ, ಹುಸೇನಬಿ ಕೂತಿದ್ದ ಬೆಂಚಿನ ತುದಿಗೆ ಹೋಯಿತು.

"ಏನ್ ನೋಡ್ತಿ ಹುಸೇನಬಿ, ಹಿಡಿ" ಅಂದರು.

ಹುಸೇನಬಿ ಎದ್ದು ತಾಯಿಯ ಕೈಯಿಂದ ಕೂಸನ್ನು ತೆಗೆದುಕೊಂಡಳು. ಅಂಗಿಯ ಗುಂಡಿ ಬಿಚ್ಚಿದಳು, ಕೊರಳ ತಾಯಿತ ಬಿಚ್ಚಿ ತಾಯಿಯ ಕೈಗಿತ್ತಳು. ನಡೆಯುತ್ತಾ ಬಂದು ಕೂಸನ್ನು ನಿರ್ದೇಶಕರ ಎರಡೂ ತೋಳುಗಳ ಮೇಲೆ ಇಟ್ಟಳು.

"ನನ್ನ ಪಾಲು ಮುಗದೈತಂತ ನೀವ ಹೇಳೀರಿ, ಸಾಹೇಬ್ರ. ಕೂಸಿನ್ನ ಕಾಯಸ್ಬ್ಯಾಡ್ರಿ."

ದನಿ ಏರಿಸಿರಲಿಲ್ಲ. ಬಳಿಗಾರರು ಒಂದು ಉಸಿರಿನಷ್ಟು ಹೊತ್ತು ಅವಳನ್ನು ನೋಡಿದರು. ಆಮೇಲೆ ಒಳಗೆ ನಡೆದರು. ನಾನು ಓಡಿ ಹೋಗಿ ಏಪ್ರನ್ ತೊಡಿಸಿದೆ.

ಕೂಸು ಬಲವಾಗಿತ್ತು. ಮೊದಲ ಸಲ ತಲೆ ಕೊಸರಿಕೊಂಡಿತು, ಚಿತ್ರ ಕೆಟ್ಟಿತು. ಅವರ ಬೆರಳ ತುದಿಗೆ ನೀಲಿ ಬಂತು. ಎರಡನೆಯ ಸಲ ಮೊಣಕಾಲಿನಿಂದ ಅವರ ಮೂಗಿಗೆ ಒದ್ದಿತು. ನೀಲಿ ಮಣಿಕಟ್ಟಿಗೆ ಏರಿತು. ಅವರು ಕೈ ನೋಡಿಕೊಂಡರು. ಬಿಟ್ಟು ಬರುತ್ತಾರೇನೋ ಅನ್ನಿಸಿತು ನನಗೆ. ಬರಲಿಲ್ಲ. ಇನ್ನೊಮ್ಮೆ ಎಂದು ಗಾಜಿನ ಕಡೆ ಕೂಗಿದರು, ಕೂಸಿನ ಮೇಲೆ ಪೂರ್ತಿ ಬಾಗಿದರು. ಮೂರನೆಯ ಚಿತ್ರ ಸರಿ ಬಂತು. ಬ್ಯಾಟರಿ ಎದೆಯ ನಡುವೆ ದುಂಡಗೆ ಬೆಳ್ಳಗೆ ಕೂತಿತ್ತು. ಮೇಲೆ ಕೊಂಡೊಯ್ದು ಬಾಯಿಯಿಂದ ದುರ್ಬೀನಿನ ಕೊಳವೆ ಇಳಿಸಿ ತೆಗೆದರು. ಕೂಸು ಉಳಿಯಿತು.

ಬಳಿಗಾರರು ಹೊರಗೆ ಬಂದವರು ಏಪ್ರನ್ ಬಿಚ್ಚದೆ ಹಾಗೇ ನಿಂತಿದ್ದರು. ಅಂಗಿಯ ಮೇಲೆ ಕೂಸಿನ ಉಚ್ಚೆ. ಹುಸೇನಬಿ ಒಂದು ಟವೆಲು ತಂದುಕೊಟ್ಟಳು. ಒರೆಸಿಕೊಳ್ಳುತ್ತಾ, ಯಾವುದೋ ತೊಟ್ಟಿಲಿನ ವಿಷಯ ನೀವು ಹಿಂದೆ ಕೇಳಿದ್ದಿರಲ್ಲ ಎಂದರು. ಕೇಳಿ ಕೇಳಿ ಸಾಕಾಗಿ ಬಿಟ್ಟೆ ಎಂದೆ. ಅವರು ಬಯ್ಯಲಿಲ್ಲ. ನಾನು ಕ್ಷಮೆ ಕೇಳಲೂ ಇಲ್ಲ, ಅವರು ಕೇಳಲೂ ಇಲ್ಲ. ಆದರೆ ಸಂಜೆಯ ಸಮಾರೋಪದಲ್ಲಿ ಬಿಡಿಸುವ ಮಾತು ಬರಲಿಲ್ಲ. ಹಿಡಿಯುವ ಪಾಳಿ ಹೀಗೇ ನಡೆಯಲಿ, ಹುಸೇನಬಿಗೆ ಬ್ಯಾಜು ಕೊಡಲಾಗುವುದು ಎಂದರು. ಅದರ ಮೇಲೆ ಅವಳ ಹೆಸರು ಅಚ್ಚಾಗಿ ಬಂತು.

ಆಮೇಲೆ ಆದದ್ದನ್ನು ನಾನು ಉಬ್ಬಿಸಿ ಹೇಳುವುದಿಲ್ಲ. ಪಾರದರ್ಶಕ ತೊಟ್ಟಿಲು ಒಂದು ವಾರದಲ್ಲಿ ಬಂತು. ವರ್ಷಗಟ್ಟಲೆ ಬಾರದ್ದು ಒಂದು ವಾರದಲ್ಲಿ. ಚಿಕ್ಕ ಕೂಸುಗಳಲ್ಲಿ ಹೆಚ್ಚಿನವನ್ನು ಯಾರೂ ಹಿಡಿಯಬೇಕಾಗಲಿಲ್ಲ. ಮೊದಲು ಡಾಕ್ಟರುಗಳು ಕೆಮ್ಮು ಅಂದರೆ ಸಾಕು, ಎದೆಯ ಎಕ್ಸ್-ರೇ ಎಂದು ಬರೆದು ಕಳಿಸುತ್ತಿದ್ದರು. ಈಗ ಬರೆದ ಚೀಟಿ ನಾಳೆ ತಮ್ಮದೇ ಪಾಳಿಯಲ್ಲಿ ಬಂದು ನಿಂತರೆ ಏನು ಗತಿ? ಎಲ್ಲರ ಕೊರಳಲ್ಲಿ ಜೋತುಬಿದ್ದಿದ್ದ ಸ್ಟೆತಸ್ಕೋಪುಗಳು ಕಿವಿಗೆ ಏರಿದವು. ಚೇಷ್ಟೆ ಮಾಡಿದ್ದ ಮೂಳೆ ಡಾಕ್ಟರು ತಮ್ಮ ಪಾಳಿಯ ದಿನ ಮೊಣಕೈವರೆಗೆ ನೀಲಿಯಾದರು. ಕೃಷ್ಣ ಬಂದ ನೋಡ್ರಿ ಎಂದು ನರ್ಸುಗಳು ಜಾಗಟೆ ಬಾರಿಸುವುದೊಂದು ಬಾಕಿ. ಕೆಲವರು ಸೊಂಟ ನೋವಿನ ಚೀಟಿ ತಂದು ತಪ್ಪಿಸ ನೋಡಿದರು. ಅಂಥವರ ವಾರ್ಡಿನ ಎಕ್ಸ್-ರೇಗಳು ಸಾಲಿನ ಕೊನೆಗೆ ಹೋದವು. ಒಂದು ತಿಂಗಳು ಕಳೆದ ಮೇಲೆ ಕೊಪ್ಪೀಕರ ಅವರು ಫೋನು ಮಾಡಿದರು. ನಮ್ಮ ಕೋಣೆಯ ಒಟ್ಟು ವಿಕಿರಣ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಹಂಚಿದರೆ ಕಡಿಮೆಯಾಗದು ಎಂಬ ಸೂತ್ರ ಈಗಲೂ ಸರಿಯೇ, ಆದರೆ ಮುಂದಿನ ಕಾರ್ಯಾಗಾರದಲ್ಲಿ ಸೂತ್ರಕ್ಕಿಂತ ಮೊದಲು ಏಪ್ರನ್ ತೊಡಿಸುತ್ತೇನೆ, ತಜ್ಞರಿಗೇ ಎಂದರು. ಅವರನ್ನು ಕರೆಯಲು ಆಮೇಲೆ ಎರಡು ಊರಿನವರು ಹಿಂಜರಿದರಂತೆ. ಕೊಪ್ಪೀಕರ ಅವರು ತಾವೇ ಮುಂದಾಗಿ ಹೋದರು.

ಹುಸೇನಬಿಯ ಪಾಳಿ ಇಡೀ ಆಸ್ಪತ್ರೆಯ ಸಾಲಿನಲ್ಲಿ ಒಂದು. ಅದು ಬಂದ ದಿನವೇ ಮೆಹಜಬೀನ ಕೂಸಿಗೆ ಕೆಮ್ಮು ಎಂದು ಆಸ್ಪತ್ರೆಗೆ ಬಂದಳು. ಬಳಿಗಾರರೇ ನೋಡಿದರು. ಬೆನ್ನಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿ, ಎದೆ ಸ್ವಚ್ಛ ಇದೆ, ಎಕ್ಸ್-ರೇ ಬೇಡ ಎಂದು ಔಷಧಿ ಬರೆದು ಕಳಿಸಿದರು. ಹೋಗುವ ದಾರಿ ನಮ್ಮ ಕೋಣೆಯ ಮುಂದೆಯೇ. ಬೆಂಚಿನ ಮೇಲೆ ಅತ್ತೆ ಏಪ್ರನ್ ತೊಟ್ಟು ಕೂತಿದ್ದನ್ನು ಕಂಡು ಅವಳು ನಿಂತಳು. ಕೆಲಸ ಉಳಿದಿದ್ದು ಅವಳಿಗೆ ಗೊತ್ತಿತ್ತು. ಆದರೂ ಮನೆಯಲ್ಲಿ ತೊಟ್ಟಿಲು ಇನ್ನೂ ಅವಳ ಕಡೆಯ ಗೋಡೆಗೇ ಇತ್ತು, ಅತ್ತೆಯ ಕೈಗೆ ಸಿಗದಂತೆ.

ಮುರಿದ ತೋಳಿನ ಹುಡುಗಿಯೊಬ್ಬಳನ್ನು ತಂದರು. ನೋವಿಗೆ ನಡುಗುತ್ತಿತ್ತು, ತೊಟ್ಟಿಲಿನಲ್ಲಿ ಕೂರಿಸುವ ವಯಸ್ಸು ದಾಟಿತ್ತು. ಹುಸೇನಬಿ ಎದ್ದು ಸೊಸೆಯ ಕಡೆ ನೋಡದೆ ಒಳಗೆ ಹೋದಳು. ನಾನು ಮೆಹಜಬೀನಳನ್ನು ಕೂಸಿನ ಸಮೇತ ಗಾಜಿನ ಹಿಂದೆ ನನ್ನ ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡೆ. ಹೇಳುವುದೆಲ್ಲ ಮೊದಲೇ ಹೇಳಿಯಾಗಿತ್ತು.

ಹುಸೇನಬಿ ಆ ಹುಡುಗಿಯ ತೋಳನ್ನು ಅಂಗೈಯ ಮೇಲೆ ಹೊತ್ತು ಮಟ್ಟವಾಗಿ ಇಟ್ಟಳು. ಬಾಗಿ ಕಿವಿಯಲ್ಲಿ ಏನೋ ಅಂದಳು. ನಾನು ಗುಂಡಿ ಒತ್ತಿದೆ. ಅವಳ ಬೆರಳುಗಳಿಗೆ ತೆಳುವಾದ ನೀಲಿ ಬಂದು ಕೂತಿತು. ಅವಳು ಒರೆಸಿಕೊಳ್ಳಲಿಲ್ಲ. ಹುಡುಗಿಯ ತೋಳನ್ನು ಮೆಲ್ಲಗೆ ಅದರ ಮಡಿಲಿಗೆ ಇಳಿಸಿ, ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ, ನೇರವಾಗಿ ನಮ್ಮ ಕಡೆಯ ಬಾಗಿಲು ತೆರೆದು ಬಂದಳು. ಸೊಸೆಯ ಎದುರಿಗೆ ನಿಂತು ಎರಡೂ ಕೈ ಮುಂದೆ ಚಾಚಿದಳು. ದೀಪದಿಂದ ಈಚೆ ಬಂದ ಕೈಗಳ ಮೇಲೆ ನೀಲಿ ಇರಲಿಲ್ಲ.

"ಕೊಡು ಅಂತ ಕೇಳಾಕತ್ತಿಲ್ಲ. ನನ್ನ ಮೊಮ್ಮಗಳು. ತಾ ಇಲ್ಲೆ" ಅಂದಳು.

ಮೆಹಜಬೀನ ಆ ಕೈಗಳನ್ನು ನೋಡಿದಳು. ತಿರುವಿ ನೋಡಲಿಲ್ಲ, ಹಾಗೇ ನೋಡಿದಳು. ಕೂಸನ್ನು ಅವುಗಳ ಮೇಲೆ ಇಟ್ಟಳು.

ಕೂಸು ಕೆಮ್ಮಿತು. ಹುಸೇನಬಿ ಅದನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಾ ವರಾಂಡದ ಉದ್ದಕ್ಕೂ ನಡೆದಳು, ನಿರ್ದೇಶಕರ ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ ಬಂದಳು. ಬೆಂಚಿನ ಮೇಲೆ ಜನ ಕಾಯುತ್ತಿದ್ದರು. ಅವಸರದ್ದು ಯಾವುದೂ ಇರಲಿಲ್ಲ. ಮುಂದಿನ ಹೆಸರು ಕರೆಯಲು ನಾನು ಅವಸರ ಮಾಡಲಿಲ್ಲ.